ಮೂಗಿನ ನೇರ

ನಾರೀನ್ ಟಲ್ಲಿಯ ಕಾರು ಡಬ್ಬೋಗೆ ಬಂದದ್ದು
ಇನ್ನೊಂದು ಗಾಡಿಯ ಬೆನ್ನ ಮೇಲೆ.
ನಿಂಗನ್ ದಾರಿ. ಬೆಳಗಿನ ಐದು. ಕಾಂಗರೂ.
ಅದು ಎದ್ದು ಕುಂಟುತ್ತ ಹೋಯಿತಂತೆ,
ಇದು ಏಳಲಿಲ್ಲ.

ಡ್ಯಾರಿಲ್ ಹೊಸ ಬಂಪರು ಕೂರಿಸಿ
ಲಾಂಛನ ಒತ್ತಿ, ಕೈ ಒರೆಸಿಕೊಂಡು
"ಇನ್ನು ನಿನ್ನದು" ಅಂದ.

ನನ್ನದು ಶೆಡ್ಡಿನ ಕೊನೆಯ ಅಂಕಣ.
ಎಲ್ಲಿ ರಸಮಟ್ಟ ಇಟ್ಟರೂ ಗುಳ್ಳೆ ನಡುವೆಯೇ ನಿಲ್ಲುವ ನೆಲ.
ಗೋಡೆಗೆ ಏಣಿ ಒರಗಿಸುವಂತಿಲ್ಲ,
ಏಣಿಯನ್ನೂ ಲಾರಿ ಅಂದುಕೊಳ್ಳುತ್ತದೆ
ಲಾಂಛನದ ಹಿಂದೆ ಕೂತ ಅಂಗೈಯಗಲದ ರೇಡಾರು.
ಎದುರಿಗೆ, ಅಳೆದ ದೂರದಲ್ಲಿ,
ಮೂರು ತಗಡು ಕೂಡಿದ ಒಂದು ಮೂಲೆ.
ಅದನ್ನಷ್ಟೇ ನೋಡು ಮಾರಾಯ,
ಈಗ ಲೋಕದಲ್ಲಿ ಅದೊಂದೇ ಇರುವುದು.

ತೂಗುಗುಂಡು ಇಳಿಬಿಟ್ಟು
ತುದಿ ಅಲುಗುವುದು ನಿಲ್ಲುವ ತನಕ ಉಸಿರು ಹಿಡಿದು
ನೆಲಕ್ಕೆ ಸೀಮೆಸುಣ್ಣದ ಚುಕ್ಕೆ.
ಹಿಂದೆರಡು, ಮುಂದೆರಡು. ಚುಕ್ಕೆಯಿಂದ ಚುಕ್ಕೆಗೆ ದಾರ.
ಇಷ್ಟು ಚುಕ್ಕೆ ಇಟ್ಟರೂ ರಂಗೋಲಿಯಾಗುವುದಿಲ್ಲ,
ಸಿಕ್ಕುವುದು ಒಂದೇ ಗೆರೆ.

ಹೊಸಬರು ಮೂಗು ನೋಡಿ ಗೆರೆ ಎಳೆಯುತ್ತಾರೆ.
ಕಾರು ಹೋಗುವುದು ಮೂಗಿನ ನೇರಕ್ಕಲ್ಲ,
ಹಿಂದಿನ ಗಾಲಿಗಳು ತಳ್ಳಿದ ನೇರಕ್ಕೆ.
ಇದನ್ನು ಕಲಿಯಲು ನನಗೆ ಹಿಡಿದದ್ದು
ಮೂರು ತಿಂಗಳು, ಮತ್ತೆ
ಬೈಗುಳ ಹೊತ್ತು ವಾಪಸು ಬಂದ ಒಂದು ವ್ಯಾನು.
ಒಂದು ಡಿಗ್ರಿ ಸೊಟ್ಟಗಾದರೆ
ನೂರು ಮೀಟರಿನಾಚೆ ಒಂದು ಆಳಿನಷ್ಟು ಸೊಟ್ಟ.
ಪಕ್ಕದ ಸಾಲಿನ ಟ್ರಕ್ಕಿಗೆ ಬೆಚ್ಚಿ ಬ್ರೇಕು ಒತ್ತುತ್ತದೆ,
ತನ್ನ ಸಾಲಿನದನ್ನು ಗಾಳಿ ಅನ್ನುತ್ತದೆ.

"ಟ್ಯಾಂಕು ಪೂರ್ತಿ ತುಂಬಿರಬೇಕು,
ಡಿಕ್ಕಿ ಪೂರ್ತಿ ಖಾಲಿ" ಅಂದೆ.
ಹೊಡೆದದ್ದೂ ಡಿಕ್ಕಿ, ತುಂಬುವುದೂ ಡಿಕ್ಕಿ ನಮ್ಮಲ್ಲಿ,
ನಾರೀನ್‌ಗೆ ಬಿಡಿಸಿ ಹೇಳಿದೆ.
ನಗಲಿಲ್ಲ.

ಕುರಿ ಕತ್ತರಿಸುವವರ ಶೆಡ್ಡುಗಳಿಗೆ ಅಡುಗೆಯವಳು,
ಹದಿನೆಂಟು ಆಳು, ದಿನಕ್ಕೆ ಐದು ಹೊತ್ತು.
ಇಳಿಯತೊಡಗಿತು:
ಎರಡು ಮೂಟೆ ಮೈದಾ,
ಕಾಲಿರುವ ಬೀಡು ಕಬ್ಬಿಣದ ಮಡಕೆ ನಾಲ್ಕು,
ಈರುಳ್ಳಿ,
ಕೊಡಲಿ,
"ಅದು ಯಾಕೆ?"
"ಸೌದೆಗೆ. ಆಮೇಲೆ ಹೆಚ್ಚು ಮಾತಾಡುವವರಿಗೆ."
ಕೊನೆಯ ಮಡಕೆ ಎತ್ತಿದಾಗ
ಕಾರಿನ ಹಿಂಭಾಗ ನಿಧಾನ ಮೇಲೆದ್ದಿತು,
ಮದುವೆ ಮನೆಯ ಹೊರೆಯಾಳು
ಅಕ್ಕಿ ಮೂಟೆ ಇಳಿಸಿ ಸೊಂಟ ನೆಟ್ಟಗೆ ಮಾಡಿದ ಹಾಗೆ.

ಆಮೇಲೆ ಸಣ್ಣ ಕೆಲಸ. ಬಂಪರಿನ ಕಿಂಡಿಯೊಳಗೆ
ಸ್ಕ್ರೂ ಕಾಲು ಸುತ್ತು ಎಡಕ್ಕೆ,
ಅರ್ಧ ಕಾಲು ವಾಪಸು.
ಪರದೆಯ ಮೇಲೆ ಸೊನ್ನೆ, ಚುಕ್ಕೆ, ಸೊನ್ನೆ, ಎರಡು.
ಅಷ್ಟು ಸಾಕು. ಅದಕ್ಕಿಂತ ಸೊನ್ನೆ ಯಾರಿಗೂ ಸಿಕ್ಕಿಲ್ಲ.

ಓಡಿಸಿ ನೋಡಬೇಕು ತಾನೆ, ಗಿಲ್ಗಾಂಡ್ರಾ ದಾರಿ ಹಿಡಿದೆವು.
ಹಿಂಬಾಲಿಸಲು ಒಂದು ಗಾಡಿ ಬೇಕು ಇದಕ್ಕೆ,
ಗಾಡಿಯೇ ಇಲ್ಲ.
ಇಪ್ಪತ್ತು ನಿಮಿಷ ಬೇಲಿ, ಒಣಹುಲ್ಲು, ಬೇಲಿ.
ಕೊನೆಗೊಂದು ಗೋಧಿ ಟ್ರಕ್ಕು ಸಿಕ್ಕಿ
ಪರದೆಯಲ್ಲಿ ಮೂರು ಗೆರೆ ಮೂಡಿದಾಗ
ಕಾಲು ತೆಗೆದು ಕೂತೆ.
ಅವನು ನಿಧಾನಿಸಿದರೆ ನಿಧಾನ, ಸಾಗಿದರೆ ಸಾಗುತ್ತ,
ಅಂತರ ಅಷ್ಟೇ, ಅಷ್ಟೇ.

ನಾರೀನ್ ಕಿಟಕಿಯ ಕಡೆ ನೋಡುತ್ತಿದ್ದಳು,
ಹುಲ್ಲಿನ ಕಡೆ.
"ಅದು ಅಲ್ಲಿಂದ ನೆಗೆದರೆ ಇದಕ್ಕೆ ಕಾಣುತ್ತದಾ?"
"ಇಲ್ಲ. ಇದು ಮುಂದೆ ಹೋಗುವವರನ್ನು ನೋಡುತ್ತದೆ.
ಅಡ್ಡ ಬರುವವರನ್ನಲ್ಲ."
"ಹಾಗಾದರೆ ನನ್ನ ಗಂಡನೇ,"
ಅಂದು ಸುಮ್ಮನಾದಳು.

ಶೆಡ್ಡಿಗೆ ಮರಳಿ, ಸಹಿ ಹಾಕಿ,
ಮೈದಾ, ಮಡಕೆ, ಈರುಳ್ಳಿ, ಕೊಡಲಿ
ಮೊದಲಿದ್ದ ಜಾಗಕ್ಕೆ.
ಹಿಂಭಾಗ ಕುಸಿಯಿತು. ಮೂಗು ಎದ್ದಿತು.
ನಾನು ಗೆರೆ ಎಳೆದದ್ದು
ನಾಳೆಯಿಂದ ಎಲ್ಲೂ ಇರದ ಒಂದು ಕಾರಿಗೆ.
ಕೈಪಿಡಿ ಬರೆದವರ ಕಾರಿನಲ್ಲಿ
ಯಾರೂ ಅಡುಗೆಗೆ ಹೋಗುವುದಿಲ್ಲ.

"ಇಷ್ಟು ಭಾರ ತಡೆಯುತ್ತದಾ ನಿನ್ನ ಸೊನ್ನೆ?"
"ಸ್ವಲ್ಪ ತಡೆಯುತ್ತದೆ," ಅಂದೆ.
"ಒಂದು ಮಡಕೆ ಕಡಿಮೆ ಮಾಡಿ."
ಅವಳು ಯೋಚಿಸಿ
ಈರುಳ್ಳಿಯ ಚೀಲದಿಂದ ನಾಲ್ಕು ತೆಗೆದು
ನನ್ನ ಬೆಂಚಿನ ಮೇಲಿಟ್ಟು ಹೊರಟಳು.